ಸಾರ್, ಇಲ್ಲೊಂದು ಹದ್ದು ಕೂತಿದೆ...

ಹೀಗೊಂದು ಫೋನು ಬಂತು ಅಂದ್ಕೊಳ್ಳಿ. “ಸಾರ್, ಇಲ್ಲೊಂದು ಹದ್ದು ಕೂತಿದೆ. ಬೆನ್ನ ಮೇಲೆ ಏನೋ ಮಷೀನು ಕಟ್ಟಿದಾರೆ. ಬೇಗ ಬನ್ನಿ.” ನೀವು 112ಕ್ಕೆ ಬರೋ ಕರೆಗಳಿಗೆ ಓಡಾಡೋ ಪೊಲೀಸ್ ಗಾಡಿಯಲ್ಲಿ ಕೂತಿದೀರಿ. ಪಾಳಿ ಮುಗಿಯೋಕೆ ಇನ್ನರ್ಧ ಗಂಟೆ ಬಾಕಿ. ಏನ್ ಮಾಡ್ತೀರಿ?

ಬೆಂಗಳೂರಲ್ಲಾದ್ರೆ ನಕ್ಕು ಬಿಡಬಹುದು. ಕಾರವಾರದಲ್ಲಿ ಹಾಗೆ ನಗೋಕಾಗಲ್ಲ. ಒಂದು ಬದಿಗೆ ಕದಂಬ ನೌಕಾನೆಲೆ, ಇನ್ನೊಂದು ಬದಿಗೆ ಕೈಗಾ ಅಣು ವಿದ್ಯುತ್ ಸ್ಥಾವರ. ನಡುವೆ ಬಂದು ಕೂತ ಹದ್ದಿನ ಬೆನ್ನ ಮೇಲೆ ಮಷೀನು ಅಂದ್ರೆ ಯಾರಿಗಾದ್ರೂ ಎದೆ ಧಸಕ್ ಅನ್ನುತ್ತೆ.

ಫೋನಿನ ಮಾತು ನನ್ನ ಕಲ್ಪನೆ, ಹಕ್ಕಿ ಮಾತ್ರ ನಿಜ. 2024ರ ನವೆಂಬರಿನಲ್ಲಿ ಕಾರವಾರದ ಕೋಡಿಬಾಗದ ಹತ್ತಿರ ಟ್ರ್ಯಾಕರ್ ಹೊತ್ತ ಹಕ್ಕಿಯೊಂದು ಜನರ ಕಣ್ಣಿಗೆ ಬಿತ್ತು. ಬೇಹುಗಾರಿಕೆಯೇ ಸೈ ಅಂತ ಸುದ್ದಿ ಹಬ್ಬಿತು. ವಿಚಾರಿಸಿದ ಮೇಲೆ ಗೊತ್ತಾಗಿದ್ದು, ಅದು ಮಹಾರಾಷ್ಟ್ರದ ತಾಡೋಬಾ ಹುಲಿ ಅಭಯಾರಣ್ಯದ ಕಡೆಯಿಂದ ಬಂದ ರಣಹದ್ದು, ಅದರ ಓಡಾಟ ತಿಳಿಯೋಕೆ ಸಂಶೋಧಕರು ಕಟ್ಟಿದ ಟ್ರ್ಯಾಕರ್ ಅಂತ. ಒಂದು ವರ್ಷ ಕಳೆದು, 2025ರ ಡಿಸೆಂಬರಿನಲ್ಲಿ, ಟ್ಯಾಗೋರ್ ಕಡಲತೀರದಲ್ಲಿ ಕರಾವಳಿ ಕಾವಲು ಪೊಲೀಸರ ಕೈಗೆ ಒಂದು ಕಡಲಹಕ್ಕಿ ಸಿಕ್ಕಿತು. ಅದರ ಮೈಮೇಲೂ ಜಿಪಿಎಸ್. ಅದರಲ್ಲಿ ಚೀನಾದ ವಿಜ್ಞಾನ ಅಕಾಡೆಮಿಯ ಹೆಸರು ಬೇರೆ! ಹಕ್ಕಿಯನ್ನು ಅರಣ್ಯ ಇಲಾಖೆಗೆ ಒಪ್ಪಿಸಿದರು. ಅದೂ ವಲಸೆ ಹಕ್ಕಿಗಳ ಅಧ್ಯಯನಕ್ಕೆ ಕಟ್ಟಿದ್ದು ಅಂತಲೇ ಕಂಡುಬಂತು.

ಎರಡು ಸಲವೂ ವಾಟ್ಸಾಪಿನಲ್ಲಿ ನಗೆಚಾಟಿಕೆ ಹರಿದಾಡಿದ್ದೇ ಹರಿದಾಡಿದ್ದು. “ಹಕ್ಕಿಗೆ ಆಧಾರ್ ಕೇಳಿದ್ರಾ?” “ಕಾಗೆಗೂ ಎಫ್‌ಐಆರ್ ಹಾಕಿ” ಅಂತೆಲ್ಲ. ನಾನೂ ನಕ್ಕೆ, ಸುಳ್ಳು ಯಾಕೆ ಹೇಳ್ಲಿ :-) ಆದ್ರೆ ನಗು ಮುಗಿದ ಮೇಲೆ ಒಂದು ಯೋಚನೆ ಬಂತು. ಈ ಎರಡು ಹಕ್ಕಿಗಳ ನಡುವೆ, 2025ರ ಫೆಬ್ರವರಿಯಲ್ಲಿ, ನೌಕಾನೆಲೆಯ ಮಾಹಿತಿ ಹೊರಗೆ ಕೊಟ್ಟ ಆರೋಪದ ಮೇಲೆ ಕಾರವಾರ, ಅಂಕೋಲಾ ತಾಲೂಕುಗಳ ಇಬ್ಬರನ್ನು ಎನ್‌ಐಎ ಬಂಧಿಸಿತ್ತು. ಅಂದ್ರೆ ಅನುಮಾನಕ್ಕೆ ಕಾರಣ ಇಲ್ಲದೇ ಇಲ್ಲ. ಹಕ್ಕಿ ನೋಡಿ ಪೊಲೀಸರಿಗೆ ತಿಳಿಸಿದ ಮನುಷ್ಯ ಮಾಡಿದ್ದು ಸರಿಯಾದ ಕೆಲಸವೇ. ಹೋಗಿ ನೋಡಿದವರು ಮಾಡಿದ್ದೂ ಸರಿಯಾದ ಕೆಲಸವೇ. ನಕ್ಕ ನಾವು ಮಾತ್ರ ಏನೂ ಮಾಡಿಲ್ಲ.

ಹಾಗಾಗಿ ಈ “ವಿಚಿತ್ರ ಕರೆ”ಗಳ ಬಗ್ಗೆ ನನಗನ್ನಿಸಿದ್ದನ್ನು ಬರೆಯೋಣ ಅಂತ.

ಬೆಂಗಳೂರಿನಲ್ಲಿ ಹೊಯ್ಸಳ ಗಾಡಿಗಳನ್ನು ನೀವೆಲ್ಲ ನೋಡಿರ್ತೀರಿ. ಆ ಗಾಡಿಯಲ್ಲಿರೋರನ್ನ ಮಾತಾಡಿಸಿ ನೋಡಿ. ಸಿನಿಮಾದಲ್ಲಿ ತೋರಿಸೋ ಹಾಗೆ ದಿನಾ ಕಳ್ಳರನ್ನ ಅಟ್ಟಿಸಿಕೊಂಡು ಹೋಗ್ತಾರೆ ಅನ್ಕೊಂಡ್ರೆ ನಿರಾಸೆ ಗ್ಯಾರಂಟಿ. ಮೇಲಿನ ಮನೆಯವರು ರಾತ್ರಿ ಹನ್ನೊಂದಕ್ಕೆ ಮಿಕ್ಸಿ ಹಾಕ್ತಾರೆ, ನಮ್ಮ ಗೇಟಿಗೆ ಅಡ್ಡ ಯಾರೋ ಕಾರು ನಿಲ್ಲಿಸಿದಾರೆ, ಬಾಡಿಗೆ ಮನೆ ಓನರ್ ನೀರು ನಿಲ್ಲಿಸಿದಾನೆ, ಗಂಡ ಕುಡಿದು ಬಂದು ಬಾಗಿಲು ಬಡೀತಿದಾನೆ. ಇಂಥವೇ. ಇದು ನಮ್ಮಲ್ಲಿ ಮಾತ್ರ ಅಂತಲ್ಲ. 1965ರಲ್ಲೇ ಅಮೆರಿಕದ ಒಂದು ನಗರದಲ್ಲಿ ಪೊಲೀಸರಿಗೆ ಬರೋ ಕರೆಗಳನ್ನು ಕೂತು ಕೇಳಿದ ಸಮಾಜಶಾಸ್ತ್ರಜ್ಞೆ ಎಲೈನ್ ಕಮಿಂಗ್ ಮತ್ತು ಜೊತೆಗಾರರು, ಅರ್ಧಕ್ಕಿಂತ ಹೆಚ್ಚು ಕರೆಗಳು ಏನಾದರೊಂದು ನೆರವು ಕೇಳೋವು ಅಂತ ಬರೆದರು. ಕಳ್ಳ ಪೊಲೀಸ್ ಆಟ ಉಳಿದ ಪಾಲಿನಲ್ಲಿ.

ನಮ್ಮ ಕಾನೂನಿಗೂ ಇದು ಗೊತ್ತು. 1963ರ ಕರ್ನಾಟಕ ಪೊಲೀಸ್ ಕಾಯ್ದೆಯಲ್ಲಿ ಪೊಲೀಸರ ಕರ್ತವ್ಯಗಳ ಪಟ್ಟಿಯಲ್ಲಿ ಬೀದಿಯಲ್ಲಿ ದಿಕ್ಕಿಲ್ಲದೆ ಬಿದ್ದವರಿಗೆ ನೆರವಾಗೋದೂ ಇದೆ. ಅದಕ್ಕೂ ಹಿಂದೆ, ಕಾರವಾರ ಅಂಕೋಲೆಗಳು ಮುಂಬಯಿ ಪ್ರಾಂತ್ಯದಲ್ಲಿದ್ದಾಗ, ಊರಿಗೊಬ್ಬ ಪೊಲೀಸ್ ಪಾಟೀಲ ಇರ್ತಿದ್ದ. 1867ರ ಗ್ರಾಮ ಪೊಲೀಸ್ ಕಾಯ್ದೆಯ ಆಸಾಮಿ. ಬೇಲಿ ಜಗಳ, ಕಾಣೆಯಾದ ಎಮ್ಮೆ, ದಡಕ್ಕೆ ಬಂದು ಬಿದ್ದ ಹೆಣ, ಊರಿಗೆ ಬಂದ ಅಪರಿಚಿತ ಸನ್ಯಾಸಿ, ಎಲ್ಲ ಅವನ ತಲೆಗೇ. ಅವನಲ್ಲಿ ದರ್ಪ ಇರಲಿಲ್ಲ ಅಂತ ಹೇಳ್ತಾ ಇಲ್ಲ, 1930ರ ಉಪ್ಪಿನ ಸತ್ಯಾಗ್ರಹ ಮತ್ತು ಕರನಿರಾಕರಣೆಯ ಊರು ನಮ್ಮದು, ಸರ್ಕಾರದ ಆಸಾಮಿ ಅಂದ್ರೆ ಏನು ಅಂತ ಅಂಕೋಲೆಗೆ ಚೆನ್ನಾಗಿ ಗೊತ್ತು. ಆದ್ರೆ ಯಾರ ಮನೆ ಎಲ್ಲಿ ಅಂತ ಅವನಿಗೆ ಕೇಳಬೇಕಾಗಿರಲಿಲ್ಲ.

ಈಗ ಕೇಳಬೇಕು. ಅಲ್ಲಿಂದಲೇ ಎಡವಟ್ಟು ಶುರು.

112 ಹೇಗೆ ಕೆಲಸ ಮಾಡುತ್ತೆ ಅಂತ ಸ್ವಲ್ಪ ಹೇಳ್ತೀನಿ (ಸಾಫ್ಟ್‌ವೇರ್‌ನವನ ಚಟ, ಸಹಿಸಿಕೊಳ್ಳಿ). 2012ರ ದೆಹಲಿ ಪ್ರಕರಣದ ನಂತರ ಬಂದ ನಿರ್ಭಯಾ ನಿಧಿಯ ದುಡ್ಡಿನಲ್ಲಿ, ದೇಶಕ್ಕೆಲ್ಲ ಒಂದೇ ತುರ್ತು ಸಂಖ್ಯೆ ಇರಲಿ ಅಂತ ಮಾಡಿದ ವ್ಯವಸ್ಥೆ ಇದು. ಸಿ-ಡ್ಯಾಕ್ ರೂಪಿಸಿದ ತಂತ್ರಾಂಶ. ನೀವು ಅಂಕೋಲೆಯಿಂದ 112 ಒತ್ತಿದ್ರೆ ಫೋನು ಅಂಕೋಲಾ ಠಾಣೆಯಲ್ಲಿ ರಿಂಗಾಗಲ್ಲ, ಐನೂರು ಕಿಲೋಮೀಟರ್ ಆಚೆ ಬೆಂಗಳೂರಿನಲ್ಲಿ ರಿಂಗಾಗುತ್ತೆ. ಅಲ್ಲಿ ಎತ್ತಿದವರು ವಿವರ ಟೈಪ್ ಮಾಡಿ ಜಿಲ್ಲೆಗೆ ಕಳಿಸ್ತಾರೆ, ಜಿಲ್ಲೆಯ ಕಂಟ್ರೋಲ್ ರೂಮು ಹತ್ತಿರದ ಗಾಡಿಗೆ ಹೇಳುತ್ತೆ, ಗಾಡಿಯಲ್ಲಿರೋ ಟ್ಯಾಬ್ಲೆಟ್‌ನಲ್ಲಿ ಜಾಗ ಕಾಣಿಸುತ್ತೆ. ವಿನ್ಯಾಸ ಚೆನ್ನಾಗೇ ಇದೆ. ಒಂದೇ ಕಡೆ ಎತ್ತೋದ್ರಿಂದ ಫೋನು ಎತ್ತೋರೇ ಇಲ್ಲ ಅನ್ನೋ ಹಳೇ ದೂರು ತಪ್ಪಿತು. ಬಂದ ಪ್ರತಿ ಕರೆಗೂ ದಾಖಲೆ ಇರುತ್ತೆ, ಅದು ದೊಡ್ಡದು.

ಆದ್ರೆ ಬೆಂಗಳೂರಿನ ಕುರ್ಚಿಯಲ್ಲಿ ಕೂತವರಿಗೆ ಸದಾಶಿವಗಡದ ಕೊಂಕಣಿ ಬರಬೇಕು, ಹಾಲಕ್ಕಿ ಒಕ್ಕಲಿಗರ ಕನ್ನಡ ತಿಳೀಬೇಕು, ಕೈಗಾ ಟೌನ್‌ಶಿಪ್ಪಿನ ಹಿಂದಿಯೂ ಬರಬೇಕು. ಹಾರವಾಡ ಬೇರೆ, ಹಾರೂಗಾರ ಬೇರೆ ಅಂತ ಗೊತ್ತಿರಬೇಕು. ಬೇಲೇಕೇರಿ, ಹಟ್ಟಿಕೇರಿ, ಅವರ್ಸಾ ಇವೆಲ್ಲ ಒಂದರ ಪಕ್ಕ ಒಂದು ಅಂತ ಗೊತ್ತಿರಬೇಕು. ಇನ್ನು ಮಾಜಾಳಿಯಲ್ಲಿ ನಿಂತು ಮೊಬೈಲ್ ನೋಡಿ, ಗೋವಾದ ಟವರ್ ಹಿಡಿದು ಕೂತಿರುತ್ತೆ. ಕರೆ ಯಾವ ರಾಜ್ಯಕ್ಕೆ ಹೋಗಬೇಕು ಅನ್ನೋದನ್ನ ಆ ಟವರ್ರೇ ತೀರ್ಮಾನಿಸೋದು.

ಎಲ್ಲಕ್ಕಿಂತ ಮಜಾ ಅಂದ್ರೆ ಶಿರೂರು. 66ನೇ ಹೆದ್ದಾರಿಯಲ್ಲಿ “ಶಿರೂರಿನ ಹತ್ರ” ಅಂದ್ರೆ ಯಾವ ಶಿರೂರು? ಅಂಕೋಲೆಯ ದಕ್ಷಿಣಕ್ಕೆ ಗಂಗಾವಳಿ ನದಿ ಪಕ್ಕದಲ್ಲಿ ಒಂದು. ಅದೇ ಹೆದ್ದಾರಿಯಲ್ಲಿ ಭಟ್ಕಳ ದಾಟಿದ ಮೇಲೆ ಉಡುಪಿ ಜಿಲ್ಲೆಯಲ್ಲಿ ಇನ್ನೊಂದು, ಟೋಲ್‌ಗೇಟ್ ಇರೋದು. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಕುಸಿದಾಗ ನನಗೇ ಎಷ್ಟು ಜನ “ಬೈಂದೂರ್ ಹತ್ರದ್ದಾ?” ಅಂತ ಕೇಳಿದ್ದರು ಗೊತ್ತಾ. ಮ್ಯಾಪಿನಲ್ಲಿ ಪಿನ್ನು ಬಿದ್ದರೆ ಸರಿ. ಬೀಳದಿದ್ದರೆ ಕೇಳೋ ಮನುಷ್ಯನ ತಲೆಯಲ್ಲಿ ಎರಡೂ ಶಿರೂರು ಇರಬೇಕು.

ಅಂಕೋಲೆಯಲ್ಲಿ ನಮ್ಮ ಮನೆ ಹತ್ತಿರ ಒಬ್ಬರು ಅಜ್ಜಿ. ಮಕ್ಕಳಿಬ್ಬರೂ ಹೊರಗೆ, ಒಬ್ಬ ಪುಣೆ, ಒಬ್ಬ ಮಸ್ಕತ್ತು. ಒಂದು ಮಳೆಗಾಲದ ರಾತ್ರಿ ಅಟ್ಟದ ಮೇಲೆ ಯಾರೋ ನಡೆದಾಡ್ತಿದಾರೆ ಅಂತ ಅಜ್ಜಿ ಫೋನು ಮಾಡಿದರು. ಗಾಡಿ ಬಂತು. ಇಬ್ಬರು ಪೊಲೀಸರು ಟಾರ್ಚು ಹಿಡಿದು ಅಟ್ಟ ಹತ್ತಿ ನೋಡಿದರೆ ಬಾಳ್ಕ, ಅಂದ್ರೆ ಪುನುಗು ಬೆಕ್ಕಿನ ಜಾತಿಯದು, ಮರಿ ಹಾಕಿ ಕೂತಿದೆ. ಕೆಳಗಿಳಿದು ಬಂದವರು ಬೈಲಿಲ್ಲ. “ಅಮ್ಮಾ, ಮರಿ ದೊಡ್ಡಾದ ಮೇಲೆ ತಾನೇ ಹೋಗ್ತದೆ, ಹೆದರಬೇಡಿ” ಅಂತ ಹೇಳಿ, ಅಜ್ಜಿ ಕೊಟ್ಟ ಕಷಾಯ ಕುಡಿದು, ಹಿಂದಿನ ಬಾಗಿಲಿನ ಅಗಳಿ ಸಡಿಲ ಇರೋದು ನೋಡಿ ಅದನ್ನೂ ಬಿಗಿ ಮಾಡಿ ಹೋದರು.

ಈ ಕರೆ ದಾಖಲೆಯಲ್ಲಿ ಏನಂತ ಸೇರಿರುತ್ತೆ? ನನ್ನ ಅಂದಾಜು, “ಸ್ಥಳಕ್ಕೆ ಭೇಟಿ, ಯಾವುದೇ ಅಪರಾಧ ಇಲ್ಲ.” ಮುಗೀತು. ಅಜ್ಜಿ ಒಬ್ಬರೇ ಇರೋದು, ಅಗಳಿ ಸಡಿಲ ಇದ್ದದ್ದು, ಮಕ್ಕಳ ನಂಬರ್ ಯಾರ ಹತ್ರಾನೂ ಇಲ್ಲದ್ದು, ಇದೆಲ್ಲ ಆ ಇಬ್ಬರು ಪೊಲೀಸರ ತಲೆಯಲ್ಲಿದೆ. ಅವರಿಗೆ ವರ್ಗವಾದ ದಿನ ಅದೂ ಹೋಯ್ತು.

ನಮ್ಮ ಸಾಫ್ಟ್‌ವೇರ್ ಸಪೋರ್ಟಿನಲ್ಲಿ ಕೆಲಸ ಮಾಡಿದವರಿಗೆ ಇದು ತಕ್ಷಣ ಅರ್ಥ ಆಗುತ್ತೆ. ಗ್ರಾಹಕ ಒಂದು ಟಿಕೆಟ್ ಹಾಕ್ತಾನೆ, “ಸ್ಕ್ರೀನು ಒಂಥರಾ ಕಾಣ್ತಿದೆ” ಅಂತ. ನಾವು ನೋಡ್ತೀವಿ, ಏನೂ ಕಾಣಲ್ಲ, ಪಟ್ಟಿಯಲ್ಲಿ “ತೊಂದರೆ ಇಲ್ಲ” ಅನ್ನೋದನ್ನ ಆರಿಸಿ ಮುಚ್ತೀವಿ. ತಿಂಗಳ ಕೊನೆಗೆ ಮ್ಯಾನೇಜರ್ ನೋಡೋದು ಎಷ್ಟು ಬೇಗ ಮುಚ್ಚಿದರು ಅಂತ ಮಾತ್ರ. ಆ “ಒಂಥರಾ” ಟಿಕೆಟ್‌ಗಳು ಇಪ್ಪತ್ತು ಸೇರಿದಾಗ ಒಂದು ದಿನ ಸರ್ವರ್ರೇ ಮಲಗುತ್ತೆ. ಆಮೇಲೆ ಹಳೇ ಟಿಕೆಟ್ ತೆಗೆದು ನೋಡಿದರೆ ಎಲ್ಲವೂ ಅದನ್ನೇ ಹೇಳ್ತಾ ಇರ್ತಾವೆ. ಪೊಲೀಸ್ ಗಾಡಿಗಳ ವಿಷಯದಲ್ಲೂ ಪತ್ರಿಕೆಗಳಲ್ಲಿ ಬರೋ ಹೊಗಳಿಕೆ ಇದೇ ಥರ, ಎಷ್ಟು ನಿಮಿಷದಲ್ಲಿ ತಲುಪಿದರು ಅಂತ. ಬೇಗ ಬರಬೇಕು, ಸರಿಯೇ. ಬಂದು ಏನು ಮಾಡಿದರು ಅನ್ನೋದಕ್ಕೆ ಅಂಕ ಎಲ್ಲಿದೆ?

ನಮ್ಮ ಜಿಲ್ಲೆಯಲ್ಲಿ ಇದು ಬರೀ ಅಜ್ಜಿ ಅಟ್ಟದ ಮಾತಲ್ಲ. ಮೂರು ಸಂಗತಿ ನೋಡಿ.

2025ರ ಜನವರಿ ಕೊನೆಗೆ ಅಂಕೋಲಾ ತಾಲೂಕಿನ ರಾಮನಗುಳಿ ಹತ್ತಿರ, ಹುಬ್ಬಳ್ಳಿ ಹೆದ್ದಾರಿ ಬದಿಯ ಕಾಡಿನಲ್ಲಿ ಒಂದು ಕಾರು ಸುಮ್ಮನೆ ನಿಂತಿತ್ತು. ಒಳಗೆ ಯಾರೂ ಇಲ್ಲ. ಆ ದಾರಿಯಲ್ಲಿ ಕೆಟ್ಟು ನಿಂತ ಗಾಡಿಗೇನು ಬರ. “ಕಾರು ನಿಂತಿದೆ” ಅಂತ ಫೋನು ಮಾಡಿದರೆ “ನಿಂತಿದ್ರೆ ನಿಂತಿರ್ಲಿ ಬಿಡ್ರಿ” ಅಂತ ಯಾರಾದ್ರೂ ಅನ್ನಬಹುದಿತ್ತು. ಪೊಲೀಸರು ಹೋಗಿ ನೋಡಿದರೆ ನಂಬರ್ ಪ್ಲೇಟು ನಕಲಿ, ಒಳಗೆ ಒಂದು ಕೋಟಿಗೂ ಮೀರಿದ ನಗದು!

2024ರ ಆಗಸ್ಟ್ 7, ನಡುರಾತ್ರಿ ಒಂದು ಗಂಟೆ ಸುಮಾರಿಗೆ ಕಾಳಿ ನದಿಯ ಹಳೇ ಸೇತುವೆ ಕುಸಿಯಿತು. ಕಾರವಾರ ಸದಾಶಿವಗಡ ನಡುವಿನ ನಲವತ್ತು ವರ್ಷದ ಸೇತುವೆ. ಒಂದು ಲಾರಿ ನೀರಿಗೆ ಬಿತ್ತು. ಮೀನುಗಾರರೂ ಪೊಲೀಸರೂ ಸೇರಿ ಚಾಲಕನನ್ನು ಜೀವಂತ ದಡಕ್ಕೆ ತಂದರು. ಆ ಹೊತ್ತಿನಲ್ಲಿ “ಸೇತುವೆ ಇಲ್ಲ” ಅಂತ ಯಾರಾದ್ರೂ ಫೋನು ಮಾಡಿದ್ರೆ ಕೇಳಿಸಿಕೊಂಡವರಿಗೆ ಹೇಗನ್ನಿಸುತ್ತೆ ಯೋಚನೆ ಮಾಡಿ. ಕುಡಿದು ಮಾತಾಡ್ತಿದಾನೆ ಅಂತ ಮೊದಲು ಅನ್ನಿಸೋದು ಸಹಜ. ಗೋವಾ ಗಡಿ ಬೇರೆ ಪಕ್ಕದಲ್ಲೇ! ಆದ್ರೆ ಆ ಅನುಮಾನದಲ್ಲಿ ಹತ್ತು ನಿಮಿಷ ಕಳೆದರೆ ಇನ್ನೊಂದು ಗಾಡಿ ಕತ್ತಲಲ್ಲಿ ಅದೇ ಗುಂಡಿಗೆ. ಆ ರಾತ್ರಿ ಸೇತುವೆಗೆ ಗಾಡಿ ಬಾರದಂತೆ ತಡೆಯೋದೇ ಈಜೋದಕ್ಕಿಂತ ದೊಡ್ಡ ಕೆಲಸ.

ಮೂರನೆಯದು ಮತ್ತೆ ಶಿರೂರು. ಗುಡ್ಡ ಕುಸಿದ ಮೇಲೆ ಕೇರಳದಲ್ಲಿದ್ದ ಒಂದು ಕುಟುಂಬ, ನಮ್ಮ ಹುಡುಗನ ಲಾರಿಯ ಜಿಪಿಎಸ್ ಅಲ್ಲೇ ತೋರಿಸ್ತಿದೆ, ಫೋನು ರಿಂಗಾಗಿದೆ ಅಂತ ಹೇಳ್ತಾ ಇತ್ತು. ಎಲ್ಲರೂ ರಸ್ತೆ ಮೇಲಿನ ಮಣ್ಣು ಅಗೆದರು. ಲಾರಿ ಸಿಕ್ಕಿದ್ದು ಸೆಪ್ಟೆಂಬರ್ 25ಕ್ಕೆ, ಎರಡು ತಿಂಗಳು ದಾಟಿದ ಮೇಲೆ, ಗಂಗಾವಳಿ ನದಿಯೊಳಗೆ. ಮಷೀನಿನ ಮಾತೂ ಪೂರ್ತಿ ನಿಜ ಅಲ್ಲ ಅಂತ ಆವತ್ತು ಗೊತ್ತಾಯ್ತು. ಜಿಪಿಎಸ್ ಕೊನೆಗೆ ಹೇಳಿದ ಜಾಗ ಒಂದು, ಲಾರಿ ಇದ್ದ ಜಾಗ ಇನ್ನೊಂದು. ನಮ್ಮಂಥ ಇಂಜಿನಿಯರುಗಳು ಪರದೆ ಮೇಲಿನ ಚುಕ್ಕಿಯನ್ನು ಕಣ್ಮುಚ್ಚಿ ನಂಬ್ತೀವಿ. ಈ ಊರಿನಲ್ಲಿ ಹೊಳೆ ಎಷ್ಟು ದೂರ ಎಳೆಯುತ್ತೆ ಅಂತ ಗೊತ್ತಿರೋ ಅಂಬಿಗರನ್ನೂ ಕೇಳಬೇಕು.

“ಹಾಗಾದ್ರೆ ಎಲ್ಲದಕ್ಕೂ ಪೊಲೀಸರೇ ಬರಬೇಕಾ? ಹಾವು ಬಂದ್ರೂ, ಕರೆಂಟು ಹೋದ್ರೂ?” ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಕರೆಂಟಿಗೆ 1912 ಇದೆ, ಸಮುದ್ರದ ಮೇಲಿನ ಸಂಗತಿಗೆ ಕರಾವಳಿ ಕಾವಲು ಪೊಲೀಸರ 1093, ತಟರಕ್ಷಣಾ ಪಡೆಯ 1554, ಆನ್‌ಲೈನ್ ಮೋಸಕ್ಕೆ 1930, ಮಕ್ಕಳಿಗೆ 1098. ಇಷ್ಟು ನಂಬರ್ ನಿಮಗೆ ಬಾಯಿಪಾಠ ಇದೆಯಾ? ನನಗಿಲ್ಲ, ಈಗ ಬರೆಯುವಾಗ ಒಂದೊಂದೇ ನೆನಪು ಮಾಡ್ಕೊಂಡೆ. ಹೆದರಿದ ಮನುಷ್ಯನಿಗೆ ನೆನಪಿರೋದು ಒಂದೇ ನಂಬರ್ರು. ಹಾಗಾಗಿ ಬೇರೆ ಇಲಾಖೆಗೆ ದಾಟಿಸೋ ಕೆಲಸ 112ರದ್ದೇ ಆಗಬೇಕು, ಕರೆ ಮಾಡಿದವನದ್ದಲ್ಲ. ಸುಮ್ಮನೆ ಆಟಕ್ಕೆ ಫೋನು ಮಾಡೋರಿಗೆ ಬೇಕಿದ್ರೆ ದಂಡ ಹಾಕಲಿ, ನನ್ನ ತಕರಾರಿಲ್ಲ. ಕಾರವಾರದ ಗಾಡಿ ಕದ್ರಾ ಕಡೆ ಹೋಗಿದ್ದಾಗ ಮಾಜಾಳಿಯಲ್ಲಿ ಅಪಘಾತವಾದರೆ ಆ ಹುಡುಗಾಟದ ಬೆಲೆ ಗೊತ್ತಾಗುತ್ತೆ. ಪ್ರಾಮಾಣಿಕವಾಗಿ ಹೆದರಿ ಮಾಡಿದ ತಪ್ಪು ಕರೆ ಮತ್ತು ಆಟದ ಕರೆ ಎರಡನ್ನೂ “ಸುಳ್ಳು ಕರೆ” ಅಂತ ಒಂದೇ ಡಬ್ಬಿಗೆ ಹಾಕಬಾರದು ಅಷ್ಟೇ.

ಮಧ್ಯೆ ಸಿಕ್ಕಿಬೀಳೋ ಕರೆಗಳೂ ಇವೆ. ಯಕ್ಷಗಾನದ್ದೇ ತಗೊಳ್ಳಿ. ಸುಪ್ರೀಂ ಕೋರ್ಟ್ 2005ರ ಜುಲೈನಲ್ಲಿ ಹೇಳಿದ್ದು ಸ್ಪಷ್ಟ, ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಧ್ವನಿವರ್ಧಕ ಇಲ್ಲ. ವರ್ಷಕ್ಕೆ ಹೆಚ್ಚೆಂದರೆ 15 ದಿನ ನಡುರಾತ್ರಿವರೆಗೆ ರಾಜ್ಯ ಸರ್ಕಾರ ವಿನಾಯಿತಿ ಕೊಡಬಹುದು. ಬಯಲಾಟ ರಂಗೇರೋದೇ ಆ ಹೊತ್ತಿಗೆ! ಪಕ್ಕದ ಮನೆಯಲ್ಲಿ ಹೃದಯದ ಕಾಯಿಲೆಯವರು ಮಲಗಿದಾರೆ ಅಂತ ಕರೆ ಬರುತ್ತೆ. ಹೋದ ಪೊಲೀಸನಿಗೆ ಎದುರಿಗೆ ಊರಿನ ಐನೂರು ಜನ, ಕೈಯಲ್ಲಿ ಕೋರ್ಟಿನ ಆದೇಶ. ಏನು ಮಾಡ್ತಾನೆ? ಭಾಗವತರ ಮೈಕು ಬಿಟ್ಟು ಆ ಮನೆ ಕಡೆ ತಿರುಗಿದ ಸ್ಪೀಕರ್ ಮಾತ್ರ ಬಂದ್ ಮಾಡಿಸಿ ಬರ್ತಾನೆ. ಕಾನೂನು ಪೂರ್ತಿ ಪಾಲನೆ ಆಗಿಲ್ಲ, ನನಗೆ ಗೊತ್ತು. ನನ್ನ ಮಟ್ಟಿಗೆ ಆತ ಜಾಣ.

ಇಂಥ ಜಾಣತನ ಯಾವ ತರಬೇತಿ ಪುಸ್ತಕದಲ್ಲೂ ಬರಲ್ಲ, ಅದೇ ಊರಿನಲ್ಲಿ ಇದ್ದು ಇದ್ದು ಬರೋದು. 2025ರ ಜುಲೈನಲ್ಲಿ ಸರ್ಕಾರ “ಮನೆ ಮನೆಗೆ ಪೊಲೀಸ್” ಅಂತ ಶುರು ಮಾಡಿತು, ಪೊಲೀಸರೇ ಮನೆಗೆ ಬಂದು ಕಷ್ಟ ಸುಖ ವಿಚಾರಿಸೋದು. ಅದೇ ವರ್ಷ ಅಕ್ಟೋಬರ್‌ನಲ್ಲಿ ಕಾನ್‌ಸ್ಟೇಬಲ್‌ಗಳ ಹಳೇ ಸ್ಲೋಚ್ ಹ್ಯಾಟು ಹೋಗಿ ನೀಲಿ ಪೀಕ್ ಕ್ಯಾಪ್ ಬಂತು. ಎರಡೂ ಒಳ್ಳೇದೇ. ಆ ಹ್ಯಾಟು ಹಾಕ್ಕೊಂಡು ಅಜ್ಜಿ ಅಟ್ಟ ಹತ್ತೋದು ಎಷ್ಟು ಕಷ್ಟ ಅಂತ ನಾನೇ ನೋಡಿದೀನಿ :-)

ಇದರ ಜೊತೆಗೆ ಖರ್ಚಿಲ್ಲದ ಕೆಲವು ಕೆಲಸ ಆಗಲಿ ಅಂತ ನನ್ನ ಆಸೆ. 112ರ ಗಾಡಿಯವರು ಕರೆ ಮುಚ್ಚುವಾಗ “ಅಪರಾಧ ಇಲ್ಲ” ಅಂತ ಬರೆಯೋ ಜಾಗದಲ್ಲಿ, ಅಲ್ಲಿ ಕಂಡದ್ದೇನು ಅಂತ ಎರಡು ಸಾಲು ಕನ್ನಡದಲ್ಲಿ ಬರೆಯಲಿ. ಒಬ್ಬರೇ ಇರೋ ಹಿರಿಯರು, ಬೀದಿ ದೀಪ ಇಲ್ಲದ ತಿರುವು, ಗುಡ್ಡದಿಂದ ಹೊಸದಾಗಿ ನೀರು ಬರ್ತಿರೋ ಜಾಗ, ಇಂಥವು. ತಿಂಗಳಿಗೊಮ್ಮೆ ಆ ಪಟ್ಟಿ ಬೀಟ್ ಪೊಲೀಸರಿಗೂ ಪಂಚಾಯ್ತಿಗೂ ಹೋಗಲಿ. ಕಾರವಾರದ ಪ್ರತಿ ಗಾಡಿಯಲ್ಲಿ ಕೊಂಕಣಿ ಬರೋರು ಒಬ್ಬರಿರಲಿ. ಡ್ಯಾಶ್‌ಬೋರ್ಡಿಗೆ ಒಂದು ಹಾಳೆ ಅಂಟಿಸಲಿ, ಅದರಲ್ಲಿ ಹಾವು ಹಿಡಿಯೋರು, ದೋಣಿ ಇರೋರು, ಮುಳುಗುವವರು, ರಾತ್ರಿ ಎಬ್ಬಿಸಿದ್ರೂ ಬೈಯದೇ ಬರೋ ಜೆಸಿಬಿಯವನ ನಂಬರ್ರು. ಬೆಂಗಳೂರಿನಲ್ಲಿ ಫೋನು ಎತ್ತೋರ ಪರದೆಯಲ್ಲಿ ಶಿರೂರು ಅಂತ ಟೈಪ್ ಮಾಡಿದ ಕೂಡಲೇ “ಅಂಕೋಲೆಯದಾ, ಬೈಂದೂರಿನದಾ?” ಅಂತ ಕೇಳಲಿ. ಈ ಕೊನೇದು ಮಾಡೋಕೆ ಒಬ್ಬ ಪ್ರೋಗ್ರಾಮರ್‌ಗೆ ಒಂದು ಮಧ್ಯಾಹ್ನ ಸಾಕು. ಯಾರಾದ್ರೂ ಕೇಳಿದ್ರೆ ನಾನೇ ಬರೆದುಕೊಡ್ತೀನಿ, ಕಷಾಯ ಕೊಟ್ರೆ ಸಾಕು.